ಜಾಹ್ನವಿ ಕೇಳದ ಏಳನೇ ಹಾಡು

ಗದ್ದಲ ಅಂತೀರಾ? ಅನ್ನಿ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಗಣಪತಿ ಕೂಡಿಸಿದಾಗ ಕಿಟಕಿಯ ಗಾಜು ನಡುಗುವಂಥ ಸ್ಪೀಕರ್ ಹಚ್ಚಿ ಕುಣಿಯುವವರೇ ನನ್ನ ಹಾಡು ಕೇಳಿ ‘ಏನೋ ಮಾರಾಯಾ ಇದು ಗದ್ದಲ’ ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ನಾನು ಸುಮ್ಮನಾಗುತ್ತೇನೆ. ಸುಮ್ಮನಾಗುತ್ತೇನೆ ಅಂದದ್ದು ಸುಳ್ಳು. ಜಗಳಕ್ಕೇ ನಿಲ್ಲುತ್ತೇನೆ.

ಬ್ಲ್ಯಾಕ್ ಮೆಟಲ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಚಳಿಗಾಲದಲ್ಲಿ ಸೂರ್ಯನ ಮುಖವೇ ಕಾಣದ ದೇಶಗಳ ಹುಡುಗರು ಕಟ್ಟಿದ ಸಂಗೀತ ಅದು. ಡ್ರಮ್ಮು ತಗಡಿನ ಮೇಲೆ ಆಲಿಕಲ್ಲು ಸುರಿದಂತೆ ಬಡಿಯುತ್ತದೆ. ಗಿಟಾರು ಹೆಜ್ಜೇನು ಎದ್ದಂತೆ ಗುಂಯ್‌ಗುಡುತ್ತದೆ. ಹಾಡುವವನು ಹಾಡುವುದಿಲ್ಲ, ಚೀರುತ್ತಾನೆ. ಧ್ವನಿಮುದ್ರಣವನ್ನೂ ಬೇಕಂತಲೇ ಒರಟಾಗಿ ಮಾಡಿರುತ್ತಾರೆ, ಗೋಡೆಯ ಆಚೆಯಿಂದ ಕೇಳಿದಂತೆ. ಮೊದಲ ಸಲ ಕೇಳಿದವರಿಗೆ ಸಿಟ್ಟು ಬರುತ್ತದೆ. ಆದರೆ ಸ್ವಲ್ಪ ತಾಳಿಕೊಂಡರೆ ಆ ಗುಂಯ್ ಒಳಗೊಂದು ರಾಗ ನಿಧಾನಕ್ಕೆ ಮೇಲೆ ಬರುತ್ತದೆ, ಹಾಲಿನ ಮೇಲೆ ಕೆನೆ ಬಂದ ಹಾಗೆ. ಆ ರಾಗ ಸಿಕ್ಕಿದವನು ಮತ್ತೆ ಬಿಡುವುದಿಲ್ಲ.

ನನಗೆ ಅದು ಸಿಕ್ಕಿದ್ದು ಜ್ವರದಲ್ಲಿ. ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ಎಲ್ಲರೂ ರಜೆಗೆ ಊರಿಗೆ ಹೋಗಿದ್ದರು, ನಾನು ಟೈಫಾಯ್ಡ್ ಹಿಡಿಸಿಕೊಂಡು ಮಲಗಿದ್ದೆ. ರೂಮಿನ ಗೆಳೆಯ ಪ್ರಶಾಂತ್ ಬಿಟ್ಟುಹೋಗಿದ್ದ ಪ್ಲೇಯರನ್ನು ಕಿವಿಗೆ ಹಚ್ಚಿಕೊಂಡೆ. ಮೈ ಕಾದ ಹಂಚಾಗಿತ್ತು. ಹಾಡು ಶುರುವಾದದ್ದೇ ಹಿಮ ಬೀಳತೊಡಗಿತು. ನಾನು ಹಿಮ ನೋಡಿದವನಲ್ಲ, ಇವತ್ತಿಗೂ ನೋಡಿಲ್ಲ. ಅಪ್ಪ ಹುಬ್ಬಳ್ಳಿಯ ಅರಳೆ ಗಿರಣಿಯಲ್ಲಿ ಕೆಲಸಕ್ಕಿದ್ದರು, ಚಿಕ್ಕವನಿದ್ದಾಗ ಅಲ್ಲಿ ಗಾಳಿಯ ತುಂಬ ಹತ್ತಿಯ ಎಳೆ ಹಾರಾಡುವುದನ್ನು ನೋಡುತ್ತ ಕೂತಿರುತ್ತಿದ್ದೆ. ನನಗೆ ಬಿದ್ದ ಹಿಮ ಆ ಅರಳೆಯೇ. ತಣ್ಣಗಿನ ಅರಳೆ ಹಣೆಯ ಮೇಲೆ, ರೆಪ್ಪೆಯ ಮೇಲೆ ಬೀಳುತ್ತ ಹೋಯಿತು, ತೀರಿಹೋದ ಅಪ್ಪ ಅದರ ನಡುವೆ ಬಿಳಿ ಅಂಗಿ ಹಾಕಿಕೊಂಡು ಸುಮ್ಮನೆ ಓಡಾಡುತ್ತಿದ್ದರು. ಜ್ವರ ಬಿಟ್ಟಿತು, ಹಾಡು ಬಿಡಲಿಲ್ಲ.

ಹಾಡುಗಳ ನಿಜವಾದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅದಕ್ಕೆ ನಾನೇ ಹೆಸರಿಟ್ಟಿದ್ದೇನೆ. ಒಂದು ‘ಮುಚ್ಚಿದ ಬಾಗಿಲು’. ಇನ್ನೊಂದರಲ್ಲಿ ಹಾಡುವವನು ಶುರುವಿಗೇ ಗಂಟಲು ಕೆರೆದುಕೊಳ್ಳುತ್ತಾನೆ, ಅದು ‘ಅಜ್ಜಿಯ ಕೆಮ್ಮು’. ಹೀಗೆ ಏಳು ಹಾಡು, ಒಂದಕ್ಕೆ ಮಾತ್ರ ಹೆಸರಿಲ್ಲ. ಸಾವಿರ ಕೇಳಿದ್ದೇನೆ, ಕೊನೆಗೆ ಮನಸ್ಸಿನಲ್ಲಿ ಉಳಿದದ್ದು ಏಳೇ.

ಅವ್ವನ ಪ್ರಕಾರ ಇವೆಲ್ಲ ದೆವ್ವದ ಹಾಡು. ನನ್ನ ಒಂದು ಟೀಶರ್ಟಿನ ಮೇಲೆ ತಂಡದ ಹೆಸರನ್ನು ಕಿತ್ತ ಗಿಡದ ಬೇರಿನ ಹಾಗೆ ಬರೆದಿತ್ತು. ಅವ್ವ ಅದನ್ನು ನೆಲ ಒರೆಸುವ ಅರಿವೆ ಮಾಡಿದಳು. ಹೆಣ್ಣು ನೋಡಲು ಶುರು ಮಾಡಿದಾಗ ಮೊದಲ ಸಂಬಂಧ ತಪ್ಪಿದ್ದೂ ಇದರಿಂದಲೇ. ಹುಡುಗಿಯ ಅಣ್ಣ ನನ್ನ ಫೋನಿನಲ್ಲಿ ಹಾಡು ಕೇಳಿ, ‘ಹುಡುಗನ ತಲಿ ನೆಟ್ಟಗಿಲ್ಲ’ ಎಂದು ಊರೆಲ್ಲ ಹೇಳಿಕೊಂಡು ಬಂದ. ಅವತ್ತಿನಿಂದ ಅವ್ವನದು ಒಂದೇ ಹಾಡು.

“ಅನಿ, ನಿನ್ನ ಕಾಲು ಹಿಡಕೋತೀನಿ. ಮದುವಿ ಆಗೂತನಕ ಆ ಕೂಗಾಟ ಬಂದ್ ಮಾಡು. ಆಮ್ಯಾಲ ಏನರೆ ಮಾಡ್ಕೊ.”

“ಆಮ್ಯಾಲ ಗೊತ್ತಾದ್ರ?”

“ಗೊತ್ತಾಗ್ಲಿ. ತಾಳಿ ಕಟ್ಟಿಸ್ಕೊಂಡಾಕಿ ಎಲ್ಲಿ ಹೋಗ್ತಾಳ?”

ಈ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬಳನ್ನು ಮನೆಗೆ ಕರೆತಂದು, ಆಮೇಲೆ ಕದ್ದು ಬಚ್ಚಲಿನಲ್ಲಿ ಹಾಡು ಕೇಳುವ ಬಾಳು ನನಗೆ ಬೇಡ. ನನ್ನ ಹೆಂಡತಿಯಾಗುವವಳು ಆ ಏಳು ಹಾಡನ್ನು ಮೊದಲೇ ಕೇಳಬೇಕು, ಕೇಳಿದ ಮೇಲೆ ಹೂಂ ಅಥವಾ ಊಹೂಂ ಅನ್ನಬೇಕು. ಇದು ನನ್ನ ಹಟ. ಹಟಮಾರಿ ಎಂದು ಬೈದರೂ ಸರಿ.

ಅಷ್ಟರಲ್ಲಿ ಬ್ಯಾಂಕಿನವರು ಬಡ್ತಿ ಕೊಟ್ಟು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂಗೆ ವರ್ಗ ಮಾಡಿದರು. ಬೇಸಿಗೆಯ ನಡುವೆ ಹೋಗಿ ಇಳಿದೆ. ಅಯ್ಯೋ ಶಿವನೇ, ಅದೇನು ಬಿಸಿಲು! ನಲ್ಲಿ ತಿರುಗಿಸಿದರೆ ಚಹಾ ಮಾಡುವಂಥ ನೀರು ಬರುತ್ತಿತ್ತು. ಆದರೆ ಊರ ಪಕ್ಕದ ವಿದ್ಯುತ್ ಸ್ಥಾವರದ ದೊಡ್ಡ ದೊಡ್ಡ ಗೋಪುರಗಳಿಂದ ಬೆಳ್ಳಗೆ ಹಬೆ ಏಳುತ್ತದಲ್ಲ, ಸಂಜೆ ಬ್ಯಾಂಕು ಮುಗಿಸಿ ಅದರ ಎದುರಿಗೆ ನಡೆಯುತ್ತ ಆ ಏಳರಲ್ಲೊಂದಾದ ‘ಬಿಳಿ ಎತ್ತು’ ಹಚ್ಚಿಕೊಂಡರೆ, ಆ ಹಬೆಯೇ ಹಿಮದ ಬೆಟ್ಟವಾಗಿ ಮೇಲೇಳುತ್ತಿತ್ತು. ಬೆಟ್ಟದಿಂದ ಒಂದು ಬಿಳಿ ಎತ್ತು ಒಬ್ಬಂಟಿಯಾಗಿ ಇಳಿದು ಬರುತ್ತಿತ್ತು. ಅದರ ಕೊರಳಿನ ಗಂಟೆ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಹಾಡಿನಲ್ಲಿ ಗಂಟೆಯೇ ಇಲ್ಲದಿದ್ದರೂ. ಬೆವರು ಆರಿ ಮೈ ತಣ್ಣಗಾಗುತ್ತಿತ್ತು. ವಿಜಯವಾಡದ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ ಎಂದು ಈಗಲೂ ಹೇಳುತ್ತೇನೆ.

ಹೊಸ ಊರಿನಲ್ಲಿ ಸರಿಯಾಗಿ ಕಾಲೂರಿರಲಿಲ್ಲ, ತೆಲುಗಿನಲ್ಲಿ ‘ಹೇಳಿ’ ಎನ್ನುವ ‘ಚೆಪ್ಪಂಡಿ’ ಬಿಟ್ಟು ಇನ್ನೊಂದು ಪದ ಬಾಯಿಗೆ ಹತ್ತಿರಲಿಲ್ಲ, ಆಗಲೇ ಸಂಬಂಧವೊಂದು ಬಂತು. ನಮ್ಮ ಬ್ಯಾಂಕಿನಲ್ಲೇ ಇದ್ದು ನಿವೃತ್ತರಾದ ನರಸಿಂಹಮೂರ್ತಿಗಳು ತುಮಕೂರು ಕಡೆಯವರು. ವರ್ಗವಾಗಿ ವಿಜಯವಾಡಕ್ಕೆ ಬಂದವರು ಅಲ್ಲೇ ಫ್ಲಾಟ್ ಕೊಂಡು ಉಳಿದುಬಿಟ್ಟಿದ್ದರು. ಒಬ್ಬಳೇ ಮಗಳು ಜಾಹ್ನವಿ, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್. ಕಿವಿಯ ಕೆಲಸ ಎಂದು ಕೇಳಿದ್ದೇ ನನ್ನ ಎದೆ ಹಾರಿತು. ದೇವರು ಸರಿಯಾದ ಕಡೆಗೇ ಕಳಿಸಿದ್ದಾನೆ ಎಂದುಕೊಂಡೆ.

ಅವ್ವ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದಳು. ಭಾನುವಾರ ಸಂಜೆ ಅವರ ಮನೆಗೆ ಹೋದೆವು. ಜಾಹ್ನವಿಯ ತಾಯಿ ಉಮಾದೇವಿ ಕೇಸರಿಬಾತು, ಮೆಣಸಿನಕಾಯಿ ಬಜ್ಜಿ ಇಟ್ಟು, “ತಗೊಳ್ಳಿ ಅಂಡಿ, ಖಾರ ಸ್ವಲ್ಪ ಜಾಸ್ತಿ. ಈ ಊರಿಗೆ ಬಂದು ನಮ್ಮ ನಾಲಿಗೇನೂ ಆಂಧ್ರ ಆಗೋಗಿದೆ,” ಎಂದರು. ಜಾಹ್ನವಿ ಹೆಚ್ಚು ಮಾತಾಡಲಿಲ್ಲ. ಆದರೆ ಅವ್ವನ ಸೀರೆಯ ಅಂಚು ನೋಡಿ ‘ಇಳಕಲ್ಲಾ ಆಂಟಿ?’ ಎಂದು ಕೇಳಿದಾಗ ಅವಳ ದನಿ ಎಷ್ಟು ಮೆಲ್ಲಗಿತ್ತೆಂದರೆ, ಎಲ್ಲರೂ ತಮಗೆ ಗೊತ್ತಿಲ್ಲದೆಯೇ ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ದಿನವಿಡೀ ನಿಶ್ಶಬ್ದದ ಕೋಣೆಯ ಪಕ್ಕದಲ್ಲಿ ಕೆಲಸ ಮಾಡುವವರ ದನಿ. ನನಗೆ ಅವಳು ಅಲ್ಲಿಯೇ ಹಿಡಿಸಿಬಿಟ್ಟಳು. ಮುಚ್ಚುಮರೆ ಯಾಕೆ, ಬಹಳ ಹಿಡಿಸಿದಳು.

“ನೀವಿಬ್ರೂ ಮಹಡಿ ಮೇಲೆ ಹೋಗಿ ಮಾತಾಡ್ಕೊಂಡ್ ಬನ್ನಿ,” ಎಂದರು ನರಸಿಂಹಮೂರ್ತಿಗಳು.

ಮಹಡಿಯ ಮೇಲೆ ಹಳೆಯ ಸೀರೆ ಹಾಸಿ ಉಪ್ಪಿನಕಾಯಿಗೆಂದು ಮಾವಿನ ಹೋಳು ಒಣಹಾಕಿದ್ದರು. ಅದರ ಪಕ್ಕದ ಕಟ್ಟೆಯ ಮೇಲೆ ಕೂತೆವು. ಬಿಸಿಲು ಇಳಿದಿತ್ತು, ಗಾಳಿಯ ತುಂಬ ಹುಳಿ ವಾಸನೆ.

“ನಿಮಗ ಒಂದು ಮಾತು ಹೇಳಬೇಕ್ರಿ,” ಎಂದೆ. “ನಾ ಕುಡಿಯೂದಿಲ್ಲ, ಸೇದೂದಿಲ್ಲ. ಆದ್ರ ಇದೊಂದು ಅದ.”

“ಏನು?”

“ಹಾಡು. ಏಳು ಹಾಡು ಅವ. ಇವನ್ನ ಕೇಳಿ ನೀವು ಬ್ಯಾಡ ಅಂದ್ರೂ ನಾ ಏನೂ ಬ್ಯಾಸರ ಮಾಡ್ಕೊಳ್ಳೂದಿಲ್ಲ.” ಬೇಸರ ಮಾಡಿಕೊಳ್ಳುವುದೇನು, ಸತ್ತೇ ಹೋಗುತ್ತಿದ್ದೆ.

“ಹಾಕಿ, ಪರ್ಲೇದು, ಪರವಾಗಿಲ್ಲ,” ಎಂದಳು.

ಒಂದು ಇಯರ್‌ಫೋನು ಅವಳಿಗೆ, ಒಂದು ನನಗೆ. ‘ಮುಚ್ಚಿದ ಬಾಗಿಲು’ ಹಚ್ಚಿದೆ. ಗಿಟಾರು ಎದ್ದ ಕೂಡಲೇ ಅವಳ ಭುಜ ಗಕ್ಕನೆ ಮೇಲೆ ಹೋಯಿತು. ಕಣ್ಣು ಮುಚ್ಚಿಕೊಂಡಳು. ಹಾಡು ಮುಗಿಯಿತು. ಅವಳು ಅಂಗೈ ಮುಂದೆ ಮಾಡಿ, “ಚಾಲು,” ಎಂದಳು.

ಚಾಲೂ! ನಮ್ಮ ಕಡೆ ಫ್ಯಾನು ಚಾಲೂ ಮಾಡು, ಗಾಡಿ ಚಾಲೂ ಮಾಡು ಎನ್ನುತ್ತೇವೆ. ಹಚ್ಚು, ಶುರು ಮಾಡು ಎಂದರ್ಥ. ತುಮಕೂರಿನವರ ಮಗಳ ಬಾಯಲ್ಲಿ ನಮ್ಮ ಹುಬ್ಬಳ್ಳಿಯ ಮಾತು! ನನಗಾದ ಸಂತೋಷವನ್ನು ಏನೆಂದು ಹೇಳಲಿ. ಕೂಡಲೇ ಎರಡನೆಯದು ಹಚ್ಚಿದೆ. ‘ಅಜ್ಜಿಯ ಕೆಮ್ಮು’ ಮುಗಿದಾಗ ಅವಳು ಇನ್ನೂ ಗಟ್ಟಿಯಾಗಿ, ಗೌರವ ಸೇರಿಸಿ, “ಚಾಲಂಡಿ,” ಎಂದಳು. ಮೂರನೆಯದು ಹಚ್ಚಿದೆ. ಅದು ‘ಸೋಮವಾರ’, ನಾಲ್ಕು ಸಲ ನಿಂತು ನಿಂತು ಮತ್ತೆ ಹೊರಡುವ ಹಾಡು. ಮುಗಿದಾಗ ಅವಳ ಕಣ್ಣಂಚಿನಲ್ಲಿ ನೀರಿತ್ತು. “ಇಕ ಚಾಲು!” ಎಂದಳು. ಇಕಾ, ಎಂದರೆ ಇಗೋ, ಚಾಲೂ ಮಾಡು! ನಮ್ಮವ್ವ ಕೂಡ ನನ್ನನ್ನು ಇಷ್ಟು ಪ್ರೀತಿಯಿಂದ ‘ಇಕಾ ನೋಡು’ ಎಂದು ಕರೆದದ್ದಿಲ್ಲ. ಹಾಡು ಕೇಳಿ ಕಣ್ಣೀರು ತಂದುಕೊಳ್ಳುವ ಹೆಣ್ಣು ಜನ್ಮಕ್ಕೊಬ್ಬಳು ಸಿಗುತ್ತಾಳೆ ಎಂದುಕೊಂಡು ‘ಬಿಳಿ ಎತ್ತು’ ಹಚ್ಚಿದೆ. ಅದು ಮುಗಿದಾಗಲೂ “ಚಾಲು,” ಎಂದಳು. ಆದರೆ ಈ ಸಲ ಬಹಳ ಮೆಲ್ಲಗೆ.

ಐದನೆಯದು ‘ತೊಟ್ಟಿಲು’. ಆ ಚೀರಾಟದ ಕೆಳಗೆ, ಬಾವಿಯ ತಳದಲ್ಲಿ ಎಂಬಂತೆ, ಯಾರೋ ಕೀಬೋರ್ಡಿನಲ್ಲಿ ಮಗು ಮಲಗಿಸುವ ಧಾಟಿಯೊಂದನ್ನು ನುಡಿಸುತ್ತಿರುತ್ತಾರೆ. ಹಾಡು ಮುಗಿಯಿತು. ಅವಳು ಏನೂ ಅನ್ನಲಿಲ್ಲ. ಮಾವಿನ ಹೋಳಿನ ಕಡೆ ನೋಡುತ್ತ ಕೂತಿದ್ದಳು. ಸರಿ, ಬೇಸರ ಬಂತು ಇವಳಿಗೆ. ಆದರೂ ಆರನೆಯದು ಹಚ್ಚಿದೆ. ಅದು ‘ಹಿತ್ತಲು’, ಅದರಲ್ಲಿ ಚೀರುವುದೇ ಇಲ್ಲ, ಬರೀ ಗಿಟಾರು, ಬಟ್ಟೆ ಒಣಗಿಸುವ ತಂತಿ ಗಾಳಿಗೆ ಅಲ್ಲಾಡುವಷ್ಟು ಸುಮ್ಮಗೆ ನಡೆಯುವ ಉದ್ದನೆಯ ಹಾಡು. ಅವಳ ಬೆರಳು ಕಿವಿಗೆ ಹೋಯಿತು. ತೆಗೆದುಬಿಡುತ್ತಾಳೆ ಎಂದು ಹೆದರಿದೆ. ತೆಗೆಯಲಿಲ್ಲ. ಮುಗಿದ ಮೇಲೆಯೂ ಚಾಲು ಅನ್ನಲಿಲ್ಲ, ಏನೂ ಅನ್ನಲಿಲ್ಲ.

ಏಳನೆಯದನ್ನು ನಾನು ಯಾರಿಗೂ ಕೇಳಿಸಿದವನಲ್ಲ. ಅದಕ್ಕೆ ಹೆಸರನ್ನೂ ಇಟ್ಟಿಲ್ಲ. ಬೇಡದ ಮನಸ್ಸಿನವರ ಎದುರಿಗೆ ಅದನ್ನು ಬಿಚ್ಚಿಡಲು ನನಗೆ ಆಗಲಿಲ್ಲ.

“ಇಷ್ಟ ಸಾಕು ಬಿಡ್ರಿ,” ಎಂದು ಇಯರ್‌ಫೋನು ಸುತ್ತಿ ಕಿಸೆಗೆ ಹಾಕಿದೆ.

ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೆಟ್ಟಿಲಿನಿಂದ ಉಮಾದೇವಿ ಕರೆದರು.

ಕೆಳಗೆ ಹಬ್ಬದ ವಾತಾವರಣ. ಇಷ್ಟು ಹೊತ್ತು ಮಾತಾಡಿದ್ದಾರೆಂದರೆ ಮದುವೆ ಆದಂತೆಯೇ ಎಂದು ಹಿರಿಯರು ಲೆಕ್ಕ ಹಾಕಿಬಿಟ್ಟಿದ್ದರು. ದಾರಿಯಲ್ಲಿ ಅವ್ವ ಕೇಳಿದಳು, “ಏನೇನು ಮಾತಾಡಿದ್ರಿ?”

“ಏನೂ ಇಲ್ಲ. ಹಾಡು ಕೇಳಿದ್ವಿ.”

ಅವ್ವ ಆಟೋದಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತಳು.

ವಾರ ಕಳೆಯಿತು, ಉತ್ತರವಿಲ್ಲ. ಊಟ ರುಚಿಸಲಿಲ್ಲ. ಹಾಡು ಹಚ್ಚಿದರೆ ಅವಳು ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದೇ ಕಾಣುತ್ತಿತ್ತು, ಅವಳ ಸುತ್ತ ಅರಳೆ ಬೀಳುತ್ತಿತ್ತು. ಬಿಳಿ ಎತ್ತು ಬೆಟ್ಟದಿಂದ ಇಳಿದು ಬಂದು ಮಾವಿನ ಹೋಳು ಮೂಸಿ ಹೋಗುತ್ತಿತ್ತು. ಆಮೇಲೊಂದು ಮಧ್ಯಾಹ್ನ ನರಸಿಂಹಮೂರ್ತಿಗಳ ಫೋನು ಬಂತು.

“ತಪ್ಪು ತಿಳ್ಕೋಬೇಡಿ ಅನಿರುದ್ಧ್. ನಮ್ಮ ಹುಡುಗೀದೊಂದು ಮಾತು. ನೀವು ಒಂದ್ಸಲ ವೈಜಾಗ್‌ಗೆ ಹೋಗಿ ಅವಳ ಹತ್ರ ಕಿವಿ ಪರೀಕ್ಷೆ ಮಾಡಿಸ್ಕೋಬೇಕಂತೆ. ಮಿಕ್ಕಿದ್ದು ಆಮೇಲೆ ಹೇಳ್ತಾಳಂತೆ.”

“ಕಿವೀನಾ? ನನ್ನ ಕಿವಿಗೇನಾಗ್ಯದ?”

“ಗೊತ್ತಿಲ್ಲಪ್ಪ. ‘ಅವರಿಗೆ ಸರಿಯಾಗಿ ಕೇಳಿಸಲ್ಲ ಅನ್ಸುತ್ತೆ ಪಾಪ’ ಅಂದಳು.”

ಪಾಪ ಅಂತೆ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ಗಿಟಾರು ಒಟ್ಟಿಗೆ ನುಡಿದರೆ ಬಿಡಿಬಿಡಿಸಿ ಹೇಳುವ ಕಿವಿ ನನ್ನದು. ಹಾಡು ಹಿಡಿಸಲಿಲ್ಲ ಅಂತ ನೆಟ್ಟಗೆ ಹೇಳಲಿಕ್ಕೆ ಏನು ಧಾಡಿ? ಅವ್ವನಿಗೆ ತಿಳಿದಾಗ ಫೋನು ಬಿಸಿಯಾಗುವಷ್ಟು ಕೂಗಾಡಿದಳು. “ಗಂಡಿನ ಕಿವಿ ಟೆಸ್ಟ್ ಮಾಡೋ ಹೆಣ್ಣು ಎಲ್ಲೆರೆ ಕಂಡೀವೇನೋ? ನಾಳೆ ಹಲ್ಲು ಎಣಿಸ್ತಾರ! ಬಿಟ್ಟುಬಿಡು ಆ ಸಂಬಂಧ!” ನಾನು ಹೋಗುವುದಿಲ್ಲ ಎಂದೇ ತೀರ್ಮಾನಿಸಿದೆ.

ಮರುದಿನ ಬ್ಯಾಂಕಿನಲ್ಲಿ ಚಹಾದ ಹೊತ್ತು. ಪಕ್ಕದ ಮೇಜಿನ ಫಣೀಂದ್ರನ ಲೋಟಕ್ಕೆ ಅಟೆಂಡರ್ ಚಹಾ ಸುರಿಯುತ್ತಿದ್ದ. ಲೋಟ ಅರ್ಧ ತುಂಬಿದಾಗ ಫಣೀಂದ್ರ ಅಂಗೈ ಅಡ್ಡ ಹಿಡಿದು, “ಚಾಲು, ಚಾಲು,” ಎಂದ. ಅಟೆಂಡರ್ ನಿಲ್ಲಿಸಿದ.

ಅದೇ ಅಂಗೈ. ಅದೇ ಮಾತು.

“ಚಾಲೂ ಅಂದ್ರಲ್ಲ, ಮತ್ತೆ ಅವನ್ಯಾಕೆ ನಿಲ್ಲಿಸಿದ?” ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

ಫಣೀಂದ್ರ ನಕ್ಕ. “ಅದೇಂಟಿ ಅನಿರುದ್ಧ್ ಗಾರು! ಚಾಲು ಅಂದರೆ ಬಸ್, ಇನ್ನು ಬೇಡ ಅಂತ. ನಿಲ್ಲಿಸದೆ ಮೈಮೇಲೆ ಸುರಿಯಬೇಕಿತ್ತಾ?”

ನಾನು ಸುರಿದಿದ್ದೆ. ಮೈಮೇಲೆಯೇ ಸುರಿದಿದ್ದೆ. ಸಾಕು ಎಂದಳು ಪಾಪದ ಹೆಣ್ಣು, ಸಾಕು ಸ್ವಾಮಿ ಎಂದಳು, ಇನ್ನು ಸಾಕು ಎಂದು ಕಣ್ಣೀರು ಹಾಕಿಕೊಂಡು ಬೇಡಿದಳು, ನಾನು ಹಲ್ಲು ಕಿರಿಯುತ್ತ ಒಂದಾದ ಮೇಲೊಂದು ಹಚ್ಚುತ್ತಲೇ ಹೋಗಿದ್ದೆ. ಕಿವುಡ ಎಂದು ತಿಳಿಯದೆ ಇನ್ನೇನು ತಿಳಿದಾಳು? ರಾಕ್ಷಸ ಎಂದು ತಿಳಿಯದಿದ್ದದ್ದೇ ಅವಳ ದೊಡ್ಡತನ.

ಸಂಜೆ ಗೋಪುರಗಳ ಎದುರಿಗೆ ನಡೆಯುತ್ತ ಹೋದೆ. ಹಾಡು ಹಚ್ಚಲು ನಾಚಿಕೆಯಾಯಿತು. ಹಬೆ ಸುಮ್ಮನೆ ಹಬೆಯಾಗಿಯೇ ಏಳುತ್ತಿತ್ತು, ಬೆಟ್ಟವೂ ಇಲ್ಲ, ಎತ್ತೂ ಇಲ್ಲ. ಮುಗಿಯಿತು ಕತೆ. ಆ ಸಂಜೆಯನ್ನು ಮತ್ತೆ ಮೊದಲಿನಿಂದ ನೆನೆದುಕೊಂಡೆ. ಒಂದು, ಚಾಲು. ಎರಡು, ಚಾಲಂಡಿ. ಮೂರು, ಇಕ ಚಾಲು. ನಾಲ್ಕು, ಮೆಲ್ಲಗೆ ಚಾಲು. ಐದು...

ನಡುರಸ್ತೆಯಲ್ಲಿ ನಿಂತೆ. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದು ಬೈದುಕೊಂಡು ಹೋದ.

ಐದಕ್ಕೆ ಅವಳು ಚಾಲು ಅನ್ನಲಿಲ್ಲ. ಆರಕ್ಕೂ ಅನ್ನಲಿಲ್ಲ. ಸಾಕು ಸಾಕು ಅಂದವಳು ‘ತೊಟ್ಟಿಲು’ ಮುಗಿದಾಗ ಸಾಕು ಅನ್ನಲಿಲ್ಲ. ‘ಹಿತ್ತಲು’ ನಡೆಯುವಾಗ ಅವಳ ಬೆರಳು ಕಿವಿಗೆ ಹೋದದ್ದು ತೆಗೆಯಲಿಕ್ಕಲ್ಲ, ಒಳಗೆ ಒತ್ತಿಕೊಳ್ಳಲಿಕ್ಕೆ! ಅವಳಿಗೆ ಸಾಕಾಗಿರಲಿಲ್ಲ. ನಾನೇ ದಡ್ಡ ಶಿಖಾಮಣಿ, ಅವಳು ಕೇಳಲು ಶುರು ಮಾಡಿದ ಗಳಿಗೆಗೆ ಸರಿಯಾಗಿ ಇಷ್ಟು ಸಾಕು ಎಂದು ಹಾಡು ಸುತ್ತಿ ಕಿಸೆಯಲ್ಲಿ ಇಟ್ಟುಕೊಂಡು ಎದ್ದು ಬಂದಿದ್ದೆ.

ಹೀಗೆಂದು ಖಾತ್ರಿಯೇನಿತ್ತು? ದಣಿದು ಸುಮ್ಮನಾಗಿದ್ದರೂ ಆಗಿರಬಹುದು. ಬೇಡಿ ಬೇಡಿ ಸೋತವರೂ ಸುಮ್ಮನಾಗುತ್ತಾರೆ. ಎರಡರಲ್ಲಿ ಯಾವುದು ಎಂದು ಅವಳನ್ನೇ ಕೇಳಬೇಕಿತ್ತು. ಮರುದಿನವೇ ರಜೆ ಬರೆದುಕೊಟ್ಟೆ.

ಬೆಳಗಿನ ರೈಲು ಹತ್ತಿದೆ. ಕಿಟಕಿಯ ಆಚೆ ತೆಂಗು, ಬಾಳೆ, ನೀರು ನಿಂತ ಗದ್ದೆ. ‘ತೊಟ್ಟಿಲು’ ಒಂದನ್ನೇ ಮತ್ತೆ ಮತ್ತೆ ಕೇಳುತ್ತ ಹೋದೆ. ಗೋದಾವರಿಯ ಸೇತುವೆ ಬಂದಾಗ ಕಬ್ಬಿಣದ ತೊಲೆಗಳ ದಡಬಡ ಸರಿಯಾಗಿ ಡ್ರಮ್ಮಿನ ಹೆಜ್ಜೆಗೆ ಕೂಡಿಕೊಂಡಿತು, ನದಿ ಮುಗಿಯಲೇ ಇಲ್ಲ. ನೀರಿನ ಮೇಲೆಲ್ಲ ಅರಳೆ ಬೀಳುತ್ತಿತ್ತು. ದೂರದ ದಂಡೆಯಲ್ಲಿ ಬಿಳಿ ಅಂಗಿಯ ಒಬ್ಬರು ಕೈ ಬೀಸಿದರು, ಅಗಸರೋ ಅಪ್ಪನೋ ಗೊತ್ತಾಗಲಿಲ್ಲ. ನಾನೂ ಕೈ ಬೀಸಿದೆ. ಎದುರಿಗೆ ಕೂತ ಅಮ್ಮ ತನಗೇ ಏನೋ ಹೇಳಿದೆನೆಂದುಕೊಂಡು ಒಂದು ಜಾಮಕಾಯಿ ಕೊಟ್ಟರು. ಉಪ್ಪುಖಾರ ಹಚ್ಚಿದ ಪೇರಲ ಹಣ್ಣು, ಚೆನ್ನಾಗಿತ್ತು.

ವಿಶಾಖಪಟ್ಟಣದಲ್ಲಿ ಇಳಿದರೆ ಗಾಳಿಯಲ್ಲೇ ಉಪ್ಪು. ದ್ವಾರಕಾ ನಗರದಲ್ಲಿ ಒಂದು ಕಾಫಿ ಕುಡಿದು, ಆಟೋ ಹಿಡಿದು ಎಂವಿಪಿ ಕಾಲೋನಿಯ ಅವಳ ಆಸ್ಪತ್ರೆಗೆ ಹೋದೆ. ಜಾಹ್ನವಿ ಬಿಳಿ ಕೋಟು ಹಾಕಿಕೊಂಡಿದ್ದಳು. ನನ್ನನ್ನು ಕಂಡು ನಗಲಿಲ್ಲ, ಮುಖ ಗಂಟಿಕ್ಕಲೂ ಇಲ್ಲ.

“ಬಂದ್ರಾ? ಬನ್ನಿ. ಫೋನು ಇಲ್ಲಿಟ್ಟು ಒಳಗೆ ಕೂತ್ಕೊಳ್ಳಿ,” ಎಂದಳು. ಬೇಕೆಂದೇ ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಕಿವುಡರ ಹತ್ತಿರ ಮಾತಾಡುವ ಹಾಗೆ.

ಒಳಗೆಂದರೆ ಒಂದು ಪುಟ್ಟ ಕೋಣೆ. ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ, ಒಂದು ಗಾಜಿನ ಕಿಟಕಿ. ಕಿಟಕಿಯ ಆಚೆ ಅವಳು ಮತ್ತು ಅವಳ ಯಂತ್ರ. ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟಳು.

“ಸಣ್ಣ ಶಬ್ದ ಬರುತ್ತೆ. ಎಷ್ಟು ಮೆಲ್ಲಗಿದ್ರೂ ಸರಿ, ಕೇಳಿಸಿದ ಕೂಡ್ಲೇ ಒತ್ತಿ. ಒತ್ತಿದ್ರೆ ನಂಗಿಲ್ಲಿ ದೀಪ ಹತ್ತುತ್ತೆ.”

ಬಾಗಿಲು ಮುಚ್ಚಿತು. ಅಂಥ ನಿಶ್ಶಬ್ದವನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಒಂದು ಕುಂಯ್. ಒತ್ತಿದೆ. ಇನ್ನೂ ಮೆಲ್ಲಗೆ ಒಂದು. ಒತ್ತಿದೆ. ಸೊಳ್ಳೆಯ ಕನಸಿನಷ್ಟು ಸಣ್ಣಗೆ ಒಂದು. ಒತ್ತಿದೆ. ಗಾಜಿನ ಆಚೆ ಅವಳ ಹುಬ್ಬು ಮೇಲೇರುತ್ತ ಹೋಯಿತು. ಎರಡೂ ಕಿವಿ ಮುಗಿದ ಮೇಲೆ ಅವಳ ದನಿ ಹೆಡ್‌ಫೋನಿನಲ್ಲಿ, ನನ್ನ ತಲೆಯೊಳಗಿಂದಲೇ ಬಂದಂತೆ, ಬಂತು.

“ನಿಮ್ಮ ಕಿವಿ ಚೆನ್ನಾಗಿದೆ. ನನ್ನ ಕಿವಿಗಿಂತ ಚೆನ್ನಾಗಿದೆ.” ಗಾಜಿನ ಹತ್ತಿರ ಬಾಗಿ, “ಹಾಗಿದ್ರೆ ಅವತ್ತು ಕೇಳಿಸಿಯೂ ಯಾಕೆ ನಿಲ್ಲಿಸ್ಲಿಲ್ಲ?” ಎಂದಳು. ದನಿಯಲ್ಲಿ ನೋವಿತ್ತು. ಕಿವುಡನಾದರೆ ಕ್ಷಮಿಸಬಹುದಿತ್ತು, ಈಗ ಏನು ಮಾಡುವುದು ಎಂಬ ನೋವು.

“ಜಾಹ್ನವಿ, ನಮ್ಮ ಕಡೆ ಚಾಲೂ ಅಂದ್ರ ಶುರು ಮಾಡು ಅಂತರಿ,” ಎಂದು ಕೋಣೆಯೊಳಗಿದ್ದ ಮೈಕಿಗೆ ಹೇಳಿದೆ.

ಗಾಜಿನ ಆಚೆ ಅವಳು ಯಂತ್ರದ ಮೇಲಿನಿಂದ ಕೈ ತೆಗೆದಳು.

“ಫ್ಯಾನ್ ಚಾಲೂ ಮಾಡು ಅಂತೀವಿ. ಗಾಡಿ ಚಾಲೂ ಮಾಡು ಅಂತೀವಿ. ನೀವು ಒಂದೊಂದ್ಸಲ ಅಂದಾಗೂ ನಾನು, ನೋಡು ಎಷ್ಟು ಛಲೋ ಹುಡುಗಿ, ಇನ್ನೂ ಬೇಕಂತಾಳ ಅಂತ...” ಗುಂಡಿ ಹಿಡಿದುಕೊಂಡೇ ಕೈ ಮುಗಿದೆ. “ನನ್ನದು ತಪ್ಪಾತರಿ. ಭಾಳ ತಪ್ಪಾತು.”

ಅವಳು ಬಾಯಿಗೆ ಕೋಟಿನ ತೋಳು ಒತ್ತಿಕೊಂಡಳು. ಭುಜ ಕುಲುಕತೊಡಗಿದವು. ಅಳುತ್ತಿದ್ದಾಳೆಂದು ಗಾಬರಿಯಾದೆ. ಅವಳ ಮೈಕು ತೆರೆದೇ ಇತ್ತು, ಹೆಡ್‌ಫೋನಿನ ತುಂಬ ಅವಳ ನಗು ಬಂತು. ಅಯ್ಯೋ ರಾಮಾ, ಅಯ್ಯೋ ದೇವುಡಾ ಎಂದು ಎರಡೂ ಭಾಷೆಯಲ್ಲಿ ನಕ್ಕಳು.

“ನಂಗೆ ಹೆದರಿಕೆ ಆದ್ರೆ ಕನ್ನಡ ಬರಲ್ಲ ರೀ,” ಎಂದಳು ಕಣ್ಣು ಒರೆಸಿಕೊಳ್ಳುತ್ತ. “ಬೈಯೋದು, ಬೇಡ್ಕೊಳ್ಳೋದು ಎಲ್ಲಾ ತೆಲುಗೇ. ಕನ್ನಡದಲ್ಲಿ ಬರೀ ಊಟಕ್ಕೆ ಬನ್ನಿ, ಸ್ನಾನ ಆಯ್ತಾ, ಇಷ್ಟೇ. ಸಾಕು ಅಂದಿದ್ರೆ ಮುಗಿದೋಗ್ತಿತ್ತು.”

“ಸಾಕು ಅಂದಿದ್ರ ಐದನೇದ್ದು ಕೇಳ್ತಿದ್ದಿಲ್ಲ ನೀವು.”

ಅವಳ ನಗು ನಿಂತಿತು. ನನ್ನ ಎದೆ ಹೆಡ್‌ಫೋನಿನೊಳಗೆ ಬಡಿಯುವುದು ನನಗೇ ಕೇಳುತ್ತಿತ್ತು. ಕೇಳಲೇಬೇಕಿತ್ತು, ಕೇಳಿದೆ.

“ಐದಕ್ಕ ಸುಮ್ಮನಾದ್ರಿ. ಸೋತು ಸುಮ್ಮನಾದ್ರೋ, ಕೇಳ್ಕೋತ ಸುಮ್ಮನಾದ್ರೋ?”

ಅವಳು ನನ್ನ ಫೋನನ್ನು ಕೈಗೆತ್ತಿಕೊಂಡು ಗಾಜಿನ ಹತ್ತಿರ ಹಿಡಿದಳು.

“ಏಳು ಹಾಡು ಅಂದಿದ್ರಿ. ಆರೇ ಕೇಳಿಸಿದ್ರಿ. ಇಲ್ಲಿಗೆ ವಾಪಸ್ ಬಂದ್ಮೇಲೆ ದಿನಾ ಯೋಚಿಸ್ತಿದ್ದೆ, ಆ ಏಳನೇದು ಏನಿರಬಹುದು ಅಂತ. ನನ್ನ ಮೇಲೆ ಕೋಪ ಬಂದು ಹಾಕ್ಲಿಲ್ವಾ? ಇದಕ್ಕೆ ಲಾಕ್ ಏನು?”

ಅಂಕಿ ಹೇಳಿದೆ. ಯಂತ್ರಕ್ಕೆ ಹೊರಗಿನ ಹಾಡು ಕೂಡಿಸಲು ಒಂದು ತೂತಿತ್ತು, ಅದಕ್ಕೆ ವೈರು ಸಿಕ್ಕಿಸಿದಳು. ಫೋನಿನ ಪಟ್ಟಿಯಲ್ಲಿ ಒಂದೊಂದನ್ನೇ ತೋರಿಸುತ್ತ ಹೋಗಿ, ನಾನು ಹ್ಞೂಂ ಅಂದ ಹಾಡನ್ನು ಒತ್ತಿ, ಯಂತ್ರದ ಚಕ್ರವನ್ನು ಕೆಳಗೆ, ಇನ್ನೂ ಕೆಳಗೆ ತಿರುಗಿಸಿ, ತಾನೂ ಒಂದು ಹೆಡ್‌ಫೋನು ಹಾಕಿಕೊಂಡಳು.

ಆ ಹಾಡನ್ನು ನಾನು ಯಾವಾಗಲೂ ಕಿವಿ ಕಿತ್ತುಹೋಗುವ ಹಾಗೆ ಕೇಳಿದವನು. ಇಷ್ಟು ಮೆಲ್ಲಗೆ ಕೇಳಿರಲೇ ಇಲ್ಲ. ಕೇಳುತ್ತಿದೆಯೋ ನೆನಪಾಗುತ್ತಿದೆಯೋ ತಿಳಿಯದಷ್ಟು ಮೆಲ್ಲಗೆ. ಅದರಲ್ಲೊಬ್ಬ ಬಯಲಿನ ಆಚೆಯಿಂದ ಚೀರುತ್ತಾನೆ, ಗಿಟಾರು ಅವನ ಮೇಲೆ ಹಿಮ ಸುರಿಯುತ್ತದೆ, ಮುಚ್ಚುತ್ತದೆ, ಅವನು ಮತ್ತೆ ಚೀರುತ್ತಾನೆ. ಚಕ್ರ ಕೆಳಗಿಳಿದದ್ದಕ್ಕೋ ಏನೋ, ಅವತ್ತು ಅದು ಚೀರಾಟದಂತೆ ಕೇಳಲೇ ಇಲ್ಲ. ಯಾರೋ ಯಾರನ್ನೋ ಕತ್ತಲಾಗುವ ಮೊದಲು ಮನೆಗೆ ಕರೆಯುತ್ತಿದ್ದರು. ಪುಟ್ಟ ಕೋಣೆಯೊಳಗೆ ಅರಳೆ ಬೀಳತೊಡಗಿತು. ಗಾಜಿನ ಆಚೆಯೂ ಬೀಳುತ್ತಿತ್ತು, ಅವಳ ಕೂದಲಿನ ಮೇಲೆ, ಬಿಳಿ ಕೋಟಿನ ಮೇಲೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಭುಜ ಈ ಸಲ ಮೇಲೆ ಹೋಗಿರಲಿಲ್ಲ.

ಹಾಡಿನ ಕೊನೆಯಲ್ಲಿ ಎಲ್ಲ ನಿಂತು ಬರೀ ಗಾಳಿ ಉಳಿಯುತ್ತದೆ. ಆಮೇಲೆ ಹೆಜ್ಜೆ ಸದ್ದು. ಆಮೇಲೆ ಒಂದು ಬಾಗಿಲು ತೆರೆದ ಸದ್ದು. ಅಲ್ಲಿಗೆ ಮುಗಿಯುತ್ತದೆ.

ನಾನು ಕಾದೆ. ಅವಳು ಕಣ್ಣು ತೆರೆಯಲಿಲ್ಲ. ಅವಳ ಕೈ ಚಕ್ರವನ್ನು ಇನ್ನೂ ಕೆಳಕ್ಕೆ, ಎಲ್ಲಕ್ಕಿಂತ ಕೆಳಕ್ಕೆ ತಿರುಗಿಸಿದ್ದು ಕಂಡಿತು. ತುಟಿ ಮೈಕಿನ ಹತ್ತಿರ ಬಂತು. ಮನುಷ್ಯನ ಕಿವಿಗೆ ಕೇಳಿಸುವುದರ ಕೊಟ್ಟಕೊನೆಯ ಅಂಚಿನಲ್ಲಿ, ಬಂತೋ ಇಲ್ಲವೋ ಎಂಬಂತೆ, ಒಂದು ಮಾತು ಬಂತು.

“ಚಾಲೂ ಮಾಡೋಣ್ವಾ?”

ಅವಳ ಬಾಯಲ್ಲಿ, ನಮ್ಮ ಹುಬ್ಬಳ್ಳಿಯ ಚಾಲೂ.

ಗುಂಡಿ ಒತ್ತಿದೆ. ಆಚೆ ದೀಪ ಹತ್ತಿತು. ಮತ್ತೆ ಒತ್ತಿದೆ. ಮತ್ತೆ ಹತ್ತಿತು. ಒತ್ತುತ್ತಲೇ ಹೋದೆ, ಅವಳ ಮುಖದ ಮೇಲೆ ದೀಪ ಹತ್ತಿ ಆರಿ, ಹತ್ತಿ ಆರಿ ಮಾಡಿತು. ಅವಳು ನಗುತ್ತ ಅಂಗೈ ಮುಂದೆ ಮಾಡಿ, “ಚಾಲು, ಚಾಲು, ಇಕ ಚಾಲಂಡಿ,” ಎಂದಳು.

ಈ ಸಲ ಅರ್ಥ ಗೊತ್ತಿತ್ತು. ಆದರೂ ನಾನು ನಿಲ್ಲಿಸಲಿಲ್ಲ.